ಐಸ್‌ಕ್ರೀಮ್ ಅಂಗಡಿಯಲ್ಲಿ ಹೆಣ್ಣು ನೋಡಿದ್ದು

ಕರಿಬೇವಿನ ಐಸ್‌ಕ್ರೀಮ್ ಮಾಡುವವರನ್ನು ನಾನು ಕ್ಷಮಿಸುವುದಿಲ್ಲ. ಒಗ್ಗರಣೆಯಲ್ಲಿ ಚಟಪಟ ಅನ್ನಬೇಕಾದ ಸೊಪ್ಪನ್ನು ಹಾಲು ಸಕ್ಕರೆಯ ಜೊತೆ ಅರೆದು, ಹೆಪ್ಪುಗಟ್ಟಿಸಿ, ಅದರ ಹೆಸರನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೇತುಹಾಕಿದ್ದರು. ಅದರ ಕೆಳಗೆ ಗುರೆಳ್ಳು. ಗುರೆಳ್ಳಿನ ಕೆಳಗೆ ಹಸಿಮೆಣಸಿನಕಾಯಿ ಹಾಕಿದ ಸೀಬೆ, ನುಗ್ಗೆಸೊಪ್ಪು, ಹುರಿದ ರಾಗಿ, ವೀಳ್ಯದೆಲೆ. ಓದುತ್ತಾ ಹೋದರೆ ನಮ್ಮ ಬೀದಿಗೆ ಬರುವ ಸೊಪ್ಪಿನ ಗಾಡಿಯವಳು ಕೂಗಿದಂತೆ ಕೇಳುತ್ತದೆ. ಬಸವೇಶ್ವರನಗರದ ಆ ಅಂಗಡಿಗೆ ನಾನು ಹೋದದ್ದು ಒಂದೇ ಸಲ, ಅದೂ ಐಸ್‌ಕ್ರೀಮ್ ತಿನ್ನಲಿಕ್ಕಲ್ಲ. ನನ್ನ ತಂಗಿಯನ್ನು ಗಂಡಿನ ಕಡೆಯವರಿಗೆ ತೋರಿಸಲಿಕ್ಕೆ.

ಹೆಣ್ಣು ನೋಡಬೇಕಾದವರು ಹೆಣ್ಣಿನ ಮನೆಗೆ ಬರಬೇಕು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಗಿರಬೇಕು, ಬಂದವರು ಕುರ್ಚಿಯ ತುದಿಯಲ್ಲಿ ಕೂತು ಗೋಡೆಯ ಮೇಲಿನ ಫೋಟೋಗಳನ್ನು ನೋಡಬೇಕು. ಈ ಶಾಸ್ತ್ರದ ಮೇಲೆ ನನಗೆ ಪ್ರೀತಿಯೇನೂ ಇಲ್ಲ. ನನ್ನನ್ನು ಹೀಗೆ ನೋಡಿ, ಉಪ್ಪಿಟ್ಟು ತಿಂದು, ಆಮೇಲೆ ತಿಳಿಸ್ತೀವಿ ಅಂತ ಹೋದವರ ಮುಖಗಳು ಇವತ್ತಿಗೂ ನೆನಪಿವೆ. ಆದರೂ ಮನೆಯ ಮೆಟ್ಟಿಲು ಹತ್ತಿ ಬರುವುದು ಒಂದು ಮರ್ಯಾದೆ. ತಂಗಿಯ ಮೊದಲ ಮದುವೆಗೆ ಗಂಡಿನವರು ಎರಡು ಕಾರು ತುಂಬಾ ಬಂದಿದ್ದರು. ಈ ಸಲ ಗಂಡಿನ ಅಕ್ಕ ನನಗೆ ಫೋನು ಮಾಡಿ ಮನೆಗೆ ಬರುವುದಿಲ್ಲ ಅಂತ ಮೊದಲ ಮಾತಿನಲ್ಲೇ ಹೇಳಿಬಿಟ್ಟರು.

“ಎರಡನೇ ಸಂಬಂಧಕ್ಕ ಅದೆಲ್ಲಾ ಶಾಸ್ತ್ರ ಇರಂಗಿಲ್ರಿ. ಹೊರಗ ಎಲ್ಲ್ಯರ ಕುಂತು ಮಾತಾಡೂಣು. ನಿಮ್ಮ ಕಡೆ ಹೊಸಾ ಐಸ್‌ಕ್ರೀಮ್ ಅಂಗಡಿ ಆಗೇತಂತಲ್ಲ, ನಮ್ಮ ಮಗಳು ಹೇಳಿದ್ಳು. ಅಲ್ಲೇ ಬರ್ರಿ.”

ಯಾವ ಮಠದಲ್ಲಿ ಹೇಳಿದ ಶಾಸ್ತ್ರ ಅದು ಅಂತ ಕೇಳಬೇಕೆನ್ನಿಸಿತು. ತಂಗಿ ಪಕ್ಕದಲ್ಲೇ ನಿಂತಿದ್ದಳು, ಬೇಡ ಅಂತ ಕೈಯಾಡಿಸಿದಳು. ನಾನು ಹಲ್ಲು ಕಚ್ಚಿಕೊಂಡು ಆಗಲಿ ಅಂದೆ.

ತಂಗಿಯ ಗಂಡ ಎದೆನೋವು ಅಂತ ಕೂತವನು ಏಳಲಿಲ್ಲ. ಆಗ ಅವಳ ಮಗಳು ಇನ್ನೂ ತೊದಲುತ್ತಿದ್ದಳು, ಈಗ ಎರಡನೇ ಕ್ಲಾಸು. ನಮ್ಮ ಅಪ್ಪ ಅಮ್ಮ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ಅವಳನ್ನೂ ಮಗುವನ್ನೂ ನಾನೇ ಕರೆದುಕೊಂಡು ಬಂದು ನಮ್ಮ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಇರಿಸಿಕೊಂಡೆ. ನನಗೂ ನನ್ನ ಯಜಮಾನರಿಗೂ ಮಕ್ಕಳಿಲ್ಲ. ತಂಗಿ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಅಕೌಂಟ್ಸ್ ನೋಡುತ್ತಾಳೆ. ಬೆಳಿಗ್ಗೆ ಮಗು ಎದ್ದು ಹಲ್ಲುಜ್ಜುವ ಹೊತ್ತಿಗೆ ಹೊರಟುಬಿಡುತ್ತಾಳೆ, ಬರುವುದು ಮಾಗಡಿ ರೋಡಿನ ಟ್ರಾಫಿಕ್ ಬಿಟ್ಟಾಗ. ನಾನು ಶಾಲೆಯಲ್ಲಿ ಮೇಡಂ. ಮಗು ಓದುವುದೂ ಅದೇ ಶಾಲೆಯಲ್ಲಿ, ನನ್ನ ಸ್ಕೂಟರಿನಲ್ಲೇ ಹೋಗಿ ನನ್ನ ಸ್ಕೂಟರಿನಲ್ಲೇ ಬರುತ್ತದೆ.

ಈ ಸಂಬಂಧ ತಂದದ್ದು ನಮ್ಮ ಯಜಮಾನರ ಸ್ನೇಹಿತರೊಬ್ಬರು. ಗಂಡು ನಲವತ್ತು ದಾಟಿದವರು, ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರು. ಮೊದಲ ಹೆಂಡತಿಯಿಂದ ಡೈವೋರ್ಸ್ ಆಗಿತ್ತು, ಮಕ್ಕಳಿರಲಿಲ್ಲ. ಎಲ್ಲಾ ಸರಿ. ನನಗೆ ಒಂದೇ ಒಂದು ಮಾತು ಇತ್ಯರ್ಥವಾಗಬೇಕಿತ್ತು: ಮಗು ತಾಯಿಯ ಜೊತೆಗೆ ಹೋಗಬೇಕು. ಹೆಂಡತಿ ಬೇಕು, ಅವಳ ಮಗು ಬೇಡ ಅನ್ನುವ ಮನೆಗಳ ಕಥೆ ನನ್ನ ಸ್ಟಾಫ್ ರೂಮಿನಲ್ಲೇ ಬೇಕಾದಷ್ಟು ಕೇಳಿದ್ದೇನೆ. ಅದೊಂದನ್ನು ಅವರ ಬಾಯಿಂದಲೇ ಒಪ್ಪಿಸಿಕೊಳ್ಳದೆ ಏಳಬಾರದು ಅಂತ ತೀರ್ಮಾನಿಸಿದ್ದೆ.

“ನೀನು ಸುಮ್ನೆ ಕೂತ್ಕೋ. ಮಾತು ನಾನಾಡ್ತೀನಿ” ಅಂದೆ ತಂಗಿಗೆ.

“ಹೂಂ ಅಕ್ಕ” ಅಂದಳು. ಅವಳು ಎಲೆಹಸಿರು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಐಸ್‌ಕ್ರೀಮ್ ಅಂಗಡಿಗೆ ರೇಷ್ಮೆ ಯಾಕೆ, ಅವರೇನು ನಮ್ಮ ಮನೆಗೆ ಬರ್ತಾ ಇದಾರಾ ಅಂತ ರೇಗಿದೆ. ಅವಳು ಕೇಳಿಸದವಳಂತೆ ಸೆರಗಿಗೆ ಪಿನ್ನು ಹಾಕಿಕೊಂಡಳು. ಮಗುವನ್ನು ನಮ್ಮ ಯಜಮಾನರ ಹತ್ತಿರ ಬಿಟ್ಟು ಸಾಯಂಕಾಲ ಐದಕ್ಕೆ ಹೊರಟೆವು.

ಅಂಗಡಿ ಇದ್ದ ಜಾಗದಲ್ಲಿ ಮೊದಲು ಮಕ್ಕಳ ಡಾಕ್ಟರ ಕ್ಲಿನಿಕ್ ಇತ್ತು. ಆಗ ಗೋಡೆಗೆ ಒಳ್ಳೆ ತಿಳಿನೀಲಿ ಬಣ್ಣವಿತ್ತು. ಈಗ ಗಾರೆಯನ್ನು ಕೆತ್ತಿ ತೆಗೆದು ಇಟ್ಟಿಗೆ ಕಾಣುವಂತೆ ಬಿಟ್ಟಿದ್ದಾರೆ, ಅದೇ ಚೆಂದವಂತೆ. ನಮ್ಮ ಮನೆಯ ಹಿಂದಿನ ಗೋಡೆ ಹಾಗೇ ಇದೆ, ಅದಕ್ಕೆ ಗಾರೆ ಮಾಡಿಸಲು ನಾವು ಮೇಸ್ತ್ರಿಗೆ ಬೈಯುತ್ತಾ ಓಡಾಡುತ್ತಿದ್ದೇವೆ. ಕೂರಲು ಬೆನ್ನಿಲ್ಲದ ಎತ್ತರದ ಸ್ಟೂಲುಗಳು. ಸೀರೆ ಉಟ್ಟವರು ಅದನ್ನು ಹತ್ತುವುದು ಹೇಗೆ ಅಂತ ಮಾಡಿಸಿದವನು ಯೋಚಿಸಿದ ಹಾಗಿರಲಿಲ್ಲ. ಮೂಲೆಯಲ್ಲಿ ಒಂದೇ ಒಂದು ಮಾಮೂಲಿ ಮೇಜು, ನಾಲ್ಕು ಕುರ್ಚಿ ಇದ್ದವು. ಅಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದ ಹುಡುಗನನ್ನು ನಾನು ಏಳಿಸಿದೆ.

ಕೌಂಟರಿನ ಹುಡುಗಿ ನಕ್ಕಳು. “ಮ್ಯಾಮ್, ಯಾವುದು ಬೇಕಾದ್ರೂ ಟೇಸ್ಟ್ ಮಾಡಿ. ಎಲ್ಲಾ ನಾವೇ ಇಲ್ಲೇ ಮಾಡೋದು.”

“ಕರಿಬೇವನ್ನ ಯಾಕಮ್ಮ ಐಸ್‌ಕ್ರೀಮ್‌ಗೆ ಹಾಕ್ತೀರಾ?”

“ಸಾರಲ್ಲಿ ಹಾಕಿದ್ರೆ ಎಲ್ರೂ ಎತ್ತಿ ತಟ್ಟೆ ಪಕ್ಕಕ್ಕೆ ಇಡ್ತಾರೆ ಮ್ಯಾಮ್. ಇದ್ರಲ್ಲಿ ಹಾಗ್ ಮಾಡೋಕಾಗಲ್ಲ.”

ಜಾಣ ಉತ್ತರ. ಜಾಣ ಉತ್ತರ ಕೇಳುವ ಮನಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೆ ಹೇಳ್ತೀವಿ ಅಂತ ಬಂದು ಕೂತೆ. ಗಂಡಿನವರು ಹೇಳಿದ ಹೊತ್ತಿಗೆ ಬರಲಿಲ್ಲ. ಕಾಯುವವರು ನಾವೇ ಅಲ್ಲವೇ, ಹೆಣ್ಣಿನ ಕಡೆಯವರು, ಅದರಲ್ಲೂ ಎರಡನೇ ಸಂಬಂಧದವರು.

ಕೊನೆಗೆ ಬಂದರು. ಗಂಡಿನ ಅಕ್ಕ ಹಾವೇರಿ ಕಡೆಯವರು, ಅವರ ಯಜಮಾನರಿಗೆ ವಿಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಹಣೆ ತುಂಬಾ ವಿಭೂತಿ, ಕೈ ತುಂಬಾ ಬಳೆ. ಅವರ ಹಿಂದೆ ತಮ್ಮ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾರಿನ ಕೀಲಿಯನ್ನು ಎಲ್ಲಿಡಬೇಕು ಅಂತ ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡು. ನಮಸ್ಕಾರ ಮಾಡಿದರು. ತಂಗಿಯೂ ಮಾಡಿದಳು. ಅಕ್ಕ ಅವಳನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, ನೇರ ಕೌಂಟರಿಗೆ ಹೋಗಿ ನಿಂತರು.

ಆಮೇಲೆ ಆ ಹೆಂಗಸು ಮಾಡಿದ್ದನ್ನು ನಾನು ಮರೆಯುವವಳಲ್ಲ. ಹಲಗೆಯ ಮೇಲಿದ್ದ ಒಂದೊಂದನ್ನೂ ಕೇಳಿದರು. ಹುಡುಗಿ ಪುಟ್ಟ ಚಮಚದಲ್ಲಿ ಒಂದೊಂದು ತುಣುಕು ಕೊಟ್ಟಳು. ಇವರು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಾಲಗೆ ಆಡಿಸಿ, ಒಂದೊಂದಕ್ಕೂ ಒಂದು ಮಾತು. ಇದು ಕಹಿ. ಇದು ನಾರು. ಇದರಾಗ ಸಕ್ರಿ ಕಡಿಮಿ. ಇದು ಎಣ್ಣಿ ವಾಸನಿ. ಬಿಟ್ಟ ಚಮಚಗಳು ಕೌಂಟರಿನ ಮೇಲೆ ಸಾಲಾಗಿ ಬಿದ್ದವು. ಕೊನೆಗೆ, “ವೆನಿಲಾ ಐತೇನವಾ?” ಅಂದರು. ಇಲ್ಲ ಅಂದಾಗ, “ಹಂಗಾರ ನನಗೇನು ಬ್ಯಾಡ, ಗಂಟಲು ಹಿಡೀತೈತಿ” ಅಂತ ಬಂದು ನನ್ನೆದುರು ಕೂತರು. ಹುಡುಗಿಯ ಮುಖದಲ್ಲಿ ನಗು ಹಾಗೇ ಇತ್ತು. ಸಂಬಳ ಕೊಡುತ್ತಾರೆ, ನಗಬೇಕು.

ಮಾತು ಶುರುವಾಯಿತು. ಮಾತಲ್ಲ, ವಿಚಾರಣೆ.

“ಗಂಡ ಹೋಗಿದ್ದು ಹಾರ್ಟಿಂದ ಅಂದ್ರಲ್ಲ. ಮೊದಲಿಂದ ಇತ್ತೇನು, ಇಲ್ಲಾ ಮನ್ಯಾಗ ಏನರ ತ್ರಾಸ ಆಗಿ ಬಂತೋ?”

“ಡಾಕ್ಟರು ತ್ರಾಸದ ಸರ್ಟಿಫಿಕೇಟ್ ಕೊಡಲಿಲ್ಲ” ಅಂದೆ.

ತಂಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತಮ್ಮ, “ಅಕ್ಕಾ” ಅಂತ ಮೆಲ್ಲಗೆ ಅಂದರು. ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಮದುವೆ ಆದ ಮೇಲೆ ಕೆಲಸ ಬಿಡ್ತಾಳೋ, ಬಿಪಿ ಶುಗರ್ ಇದೆಯೋ, ಮೊದಲ ಅತ್ತೆ ಮನೆಯವರು ಈಗಲೂ ಬಂದು ಹೋಗಿ ಮಾಡ್ತಾರೋ, ಎಲ್ಲಾ ಕೇಳಿದರು. ಎಲ್ಲವನ್ನೂ ನನ್ನ ಮುಖ ನೋಡಿಯೇ ಕೇಳಿದರು. ತಂಗಿ ಅಲ್ಲಿ ಕೂತೇ ಇರಲಿಲ್ಲವೇನೋ ಅನ್ನುವ ಹಾಗೆ. ನಾನೂ ಎಲ್ಲಕ್ಕೂ ಉತ್ತರ ಕೊಟ್ಟೆ, ಒಂದನ್ನೂ ಬಿಟ್ಟುಕೊಡಲಿಲ್ಲ.

ಆಮೇಲೆ ಅವರು ದನಿ ತಗ್ಗಿಸಿದರು. ಅಲ್ಲೇ ನನಗೆ ಗೊತ್ತಾಯಿತು, ಬಂತು ಅಂತ.

“ಆ ಸಣ್ಣ ಹುಡುಗಿ ನಿಮ್ಮನ್ನ ಭಾಳ ಹಚ್ಚಿಕೊಂಡಾಳಂತಲ್ರಿ. ನಿಮಗೂ ಮಕ್ಕಳಿಲ್ಲ. ನಿಮ್ಮ ಮನ್ಯಾಗ ಇದ್ರ ನಿಮಗೂ ಒಂದು ಆಸರ ಆಕ್ಕೇತಿ. ಇವರೂ ಹೊಸದಾಗಿ ಸಂಸಾರ ಹೂಡೂದು, ಮಗ್ಗಲಕ ಮಗು ಇದ್ರ ಹೆಂಗ ಹೇಳ್ರಿ.”

ಮೈಯೆಲ್ಲಾ ಉರಿಯಿತು. ನನಗೆ ಮಕ್ಕಳಿಲ್ಲ ಅನ್ನುವುದನ್ನು ಈ ಹೆಂಗಸು ಚೌಕಾಸಿಗೆ ಇಟ್ಟಿದ್ದಳು. ನನ್ನ ದನಿ ಮೊದಲೇ ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟುವಂಥದ್ದು.

“ನನ್ನ ತಂಗಿ ಬೇಕು ಅಂದ್ರೆ ಮಗೂನೂ ಬೇಕು. ಚಮಚದಲ್ಲಿ ರುಚಿ ನೋಡಿ ಇದು ಬೇಡ, ಅದು ಕೊಡಿ ಅನ್ನೋಕೆ ನಾವಿಲ್ಲಿ ಕೌಂಟರ್ ಇಟ್ಕೊಂಡು ಕೂತಿಲ್ಲ. ಮಗು ತಾಯಿ ಜೊತೆ ಬರುತ್ತೆ. ಒಪ್ಪಿಗೆ ಇದ್ರೆ ಮಾತಾಡಿ, ಇಲ್ಲಾಂದ್ರೆ ನಿಮ್ಮ ದಾರಿ ನಿಮಗೆ.”

ಸ್ಟೂಲುಗಳ ಮೇಲಿದ್ದವರೆಲ್ಲಾ ತಿರುಗಿ ನೋಡಿದರು. ನೋಡಲಿ ಅಂತಲೇ ಅಂದಿದ್ದೆ. ಅಕ್ಕನ ಮುಖ ಕೆಂಪಾಯಿತು. “ನಾ ಏನು ಅಂದೆ ಅಂತ ಇಷ್ಟ ಸಿಟ್ಟು ಮಾಡ್ಕೋತೀರಿ” ಅಂತ ಬಳೆ ಸರಿಮಾಡಿಕೊಂಡರು. ಆಗ ತಮ್ಮ ಎದ್ದು ನಿಂತರು. ಹೊರಡುತ್ತಾರೆ ಅಂದುಕೊಂಡೆ, ಪೀಡೆ ತೊಲಗಿತು ಅಂದುಕೊಂಡೆ. ಅವರು ತಂಗಿಯ ಕಡೆ ತಿರುಗಿ, “ನಿಮಗೆ ಏನು ತರ್ಲಿ?” ಅಂದರು. ಅಷ್ಟು ಹೊತ್ತಿನಲ್ಲಿ ಅವಳನ್ನು ಅವಳಾಗಿ ಯಾರಾದರೂ ಮಾತಾಡಿಸಿದ್ದು ಅದೇ ಮೊದಲು.

“ಏನಾದ್ರೂ ಪರ್ವಾಗಿಲ್ಲ” ಅಂದಳು.

ಅವರು ಕೌಂಟರಿಗೆ ಹೋದರು. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಸ್ವಲ್ಪ ಹೊತ್ತಿಗೆ ಅವರು ಒಂದು ಕಪ್ಪನ್ನೂ ಒಂದು ತಟ್ಟೆಯನ್ನೂ ಹಿಡಿದುಕೊಂಡು ಬಂದರು. ಕಪ್ಪನ್ನು ನನ್ನ ಮುಂದೆ ಇಟ್ಟು, “ನೀವು ಬಂದ ತಕ್ಷಣ ಇದನ್ನೇ ಕೇಳಿದ್ರಂತೆ, ಆ ಹುಡುಗಿ ಹೇಳಿದ್ಳು” ಅಂದರು. ಕರಿಬೇವು. ಆ ಹುಡುಗಿ ನನ್ನ ಮೇಲೆ ಸೇಡು ತೀರಿಸಿಕೊಂಡಿದ್ದಳು.

ತಟ್ಟೆ ತಂಗಿಗೆ. ಹಿತ್ತಾಳೆಯ ಪುಟ್ಟ ತಟ್ಟೆ, ಅದರಲ್ಲಿ ನಿಜವಾದ ವೀಳ್ಯದೆಲೆ ಹಾಸಿ, ಅದರ ಮೇಲೆ ತಿಳಿಹಸಿರು ಐಸ್‌ಕ್ರೀಮ್ ಉಂಡೆ, ಪಕ್ಕದಲ್ಲಿ ಎರಡು ಚೂರು ಅಡಿಕೆ. ಅಂಗಡಿಯವರ ಶೋಕಿ. ಆ ಮನುಷ್ಯ ತಟ್ಟೆಯನ್ನು ಮೇಜಿನ ಮೇಲೆ ಇಡಬಹುದಿತ್ತು. ಮರ್ಯಾದೆಗೆ ಅಂತ ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು.

ನನ್ನ ತಂಗಿ ಎದ್ದು ನಿಂತು, ಸೆರಗನ್ನು ಬಲಗಡೆಯಿಂದ ಮುಂದಕ್ಕೆ ಎಳೆದು, ಎರಡು ಕೈಯಲ್ಲಿ ಹರಡಿ ಒಡ್ಡಿದಳು.

ಐಸ್‌ಕ್ರೀಮ್‌ಗೆ. ರೇಷ್ಮೆ ಸೆರಗನ್ನು. ಆ ಮನುಷ್ಯನಾದರೂ ತಡೆಯಬೇಕೋ ಬೇಡವೋ? ಅವರ ಕೈಗೂ ಅದೇ ಅಭ್ಯಾಸ. ತಟ್ಟೆಯನ್ನು ಮೆಲ್ಲಗೆ ಸೆರಗಿನೊಳಗೆ ಇಟ್ಟೇಬಿಟ್ಟರು. ಇಟ್ಟಾದ ಮೇಲೆ ಇಬ್ಬರಿಗೂ ತಿಳಿಯಿತು. ಅವರು ಕಿವಿಯವರೆಗೂ ಕೆಂಪಾಗಿ ಕಾರಿನ ಕೀಲಿ ಹುಡುಕತೊಡಗಿದರು. ಅವಳು ತಟ್ಟೆಯನ್ನು ಉಡಿಯಲ್ಲಿ ಇಟ್ಟುಕೊಂಡೇ ಕೂತಳು. ತಲೆ ಎತ್ತಲಿಲ್ಲ.

ನಮ್ಮವರಲ್ಲಿ ಎಲೆ ಅಡಿಕೆಯನ್ನು ಹೆಂಗಸರು ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ, ಸೆರಗಿನಲ್ಲಿ ತೆಗೆದುಕೊಳ್ಳುತ್ತಾರೆ. ಗಂಡಿನವರು ಕೊಟ್ಟ ಎಲೆ ಹೆಣ್ಣಿನ ಉಡಿಗೆ ಬಿತ್ತು ಅಂದರೆ ಮಾತು ಮುಗಿಯಿತು, ಮದುವೆ ಗಟ್ಟಿ. ಗಂಡ ಹೋದ ಮೇಲೆ ನನ್ನ ತಂಗಿಗೆ ಯಾರೂ ಎಲೆ ಅಡಿಕೆ ಕೊಟ್ಟಿಲ್ಲ. ಯಾರದಾದರೂ ಮನೆಯ ಗೌರಿ ಪೂಜೆಗೆ, ಸೀಮಂತಕ್ಕೆ ಹೋದರೆ ತಟ್ಟೆ ನನ್ನ ಹತ್ತಿರ ಬರುತ್ತದೆ, ಆಮೇಲೆ ಅವಳನ್ನು ಬಿಟ್ಟು ಅವಳ ಆಚೆಗಿನವರ ಹತ್ತಿರ ಹೋಗುತ್ತದೆ. ಆಗ ಅವಳು ಕರ್ಚೀಫು ಮಡಿಸುತ್ತಾ ಕೂತಿರುತ್ತಾಳೆ. ಇದಕ್ಕಾಗಿ ಬಾಪೂಜಿ ನಗರದ ನೆಂಟರೊಬ್ಬರ ಮನೆಯಲ್ಲಿ ನಾನು ಜಗಳ ತೆಗೆದು, ಊಟ ಬಿಟ್ಟು ಎದ್ದು ಬಂದಿದ್ದೇನೆ. ಅವಳು ಮಾತ್ರ ನನಗೇನೂ ಅನ್ನಿಸಲ್ಲ ಅಕ್ಕ, ಬಿಡು ಅಂದಿದ್ದಳು. ನಾನು ಅದನ್ನು ನಂಬಿದ್ದೆ.

ಅಕ್ಕ ಮೊದಲು ಚೇತರಿಸಿಕೊಂಡರು. ಇಂಥ ಹೆಂಗಸರು ಯಾವಾಗಲೂ ಮೊದಲು ಚೇತರಿಸಿಕೊಳ್ಳುತ್ತಾರೆ.

“ಉಡಿಯಾಗ ಎಲಿ ತಗೊಂಡ್ಳಲ್ರಿ, ಇನ್ನೇನು ಉಳೀತು. ಮಗೂದು ಒಂದು ಹೇಳಿಬಿಡ್ರಿ, ಮುಗದ ಹೋತು.”

“ಅವಳು ತಗೊಂಡಿರೋದು ಐಸ್‌ಕ್ರೀಮು. ಎಲೆ ಅಲ್ಲ” ಅಂದೆ. “ಮಗು ವಿಷಯ ಆಗಲೇ ಹೇಳಿದ್ದೀನಿ. ತಾಯಿ ಎಲ್ಲೋ ಮಗು ಅಲ್ಲಿ. ನನ್ನ ತಂಗಿ ಮಗು ಬಿಟ್ಟು ಒಂದು ಹೆಜ್ಜೆ…”

“ಮಗು ಅಕ್ಕನ ಹತ್ರಾನೇ ಇರ್ತಾಳೆ.”

ತಂಗಿ. ಉಡಿಯಲ್ಲಿ ಕರಗುತ್ತಿದ್ದ ಐಸ್‌ಕ್ರೀಮನ್ನು ನೋಡುತ್ತಲೇ ಹೇಳಿದಳು. ದನಿ ನಡುಗಲಿಲ್ಲ, ಏನಿಲ್ಲ. “ಪ್ರತಿ ಭಾನುವಾರ ನಾನು ಹೋಗಿ ನೋಡ್ಕೊಂಡು ಬರ್ತೀನಿ. ಅದಕ್ಕೆ ಯಾರೂ ಬೇಡ ಅನ್ನಬಾರದು, ಅಷ್ಟೆ.”

“ನಾನೇ ಕರ್ಕೊಂಡು ಬರ್ತೀನಿ” ಅಂದರು ಆ ಮನುಷ್ಯ, ತಕ್ಷಣ.

ಅಕ್ಕ ಕೈ ಮುಗಿದರು, ಯಾರಿಗೆ ಅಂತ ಗೊತ್ತಾಗಲಿಲ್ಲ. ನಾನು ಯಾವುದನ್ನು ಬಿಟ್ಟುಕೊಡಬಾರದು ಅಂತ ಬಂದಿದ್ದೆನೋ ಅದನ್ನು ನನ್ನ ಕಡೆಯವಳೇ ಎತ್ತಿ ಕೊಟ್ಟುಬಿಟ್ಟಿದ್ದಳು. ಅಷ್ಟು ಜನರ ಮುಂದೆ ನನ್ನನ್ನು ಸುಳ್ಳುಗಾತಿ ಮಾಡಿ ಕೂರಿಸಿದ್ದಳು. ಏನು ಮಾಡಬೇಕು ಅಂತ ತಿಳಿಯದೆ ಮುಂದಿದ್ದ ಕರಿಬೇವಿನ ಐಸ್‌ಕ್ರೀಮನ್ನು ತಿಂದೆ. ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು. ಅವಳೂ ಮೆಲ್ಲಗೆ, ಕೊನೆಯ ಹನಿಯವರೆಗೂ ತಿಂದಳು. ತಿಂದಾದ ಮೇಲೆ ಆ ಎಲೆಯನ್ನು ಒರೆಸಿ ಮಡಿಸಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡದ್ದನ್ನು ನೋಡಿ ನಾನು ಮುಖ ತಿರುಗಿಸಿದೆ.

ವಾಪಸು ಬರುವಾಗ ನಾನು ಸ್ಕೂಟರು ಓಡಿಸುತ್ತಿದ್ದೆ, ಅವಳು ಹಿಂದೆ ಕೂತಿದ್ದಳು. ಸಿಗ್ನಲ್ಲಿಗೆ ಬಂದು ನಿಂತಾಗ ತಡೆಯಲಾಗಲಿಲ್ಲ.

“ಹೆತ್ತ ಮಗೂನ ಬಿಟ್ಟು ಹೋಗ್ತೀಯಾ? ಒಂದು ತಟ್ಟೆ ಐಸ್‌ಕ್ರೀಮ್‌ಗೆ?”

“ನಾನು ಬಿಟ್ಟು ಹೋಗ್ತಾ ಇಲ್ಲ ಅಕ್ಕ. ನೀನು ತಗೊಂಡು ಆಗೋಗಿದೆ.”

“ಏನೇ ಹಾಗಂದ್ರೆ? ನಾನು ಸಾಕಿದ್ದೇ ತಪ್ಪಾ?”

“ತಪ್ಪು ಅಂದ್ನಾ ನಾನು?” ನನ್ನ ಬೆನ್ನ ಹಿಂದಿನಿಂದ, ಹೆಲ್ಮೆಟ್ಟಿನ ಪಕ್ಕದಲ್ಲೇ ಬರುತ್ತಿತ್ತು ಅವಳ ದನಿ. “ಹೋದ ಸಲ ರಜಾ ಹಾಕಿ ಪೇರೆಂಟ್ಸ್ ಮೀಟಿಂಗ್‌ಗೆ ಬಂದಿದ್ದೆ ನೋಡು. ಅವಳ ಕ್ಲಾಸ್ ಟೀಚರ್ ಏನಂದ್ರು ಗೊತ್ತಾ? ಪರ್ವಾಗಿಲ್ಲಮ್ಮ, ಮೇಡಂ ಹತ್ರ ಎಲ್ಲಾ ಮಾತಾಡಿದೀನಿ, ನೀವು ಯಾಕೆ ತೊಂದ್ರೆ ತಗೊಂಡ್ರಿ ಅಂದ್ರು. ಜ್ವರ ಬಂದ್ರೆ ನಿನ್ನನ್ನೇ ಕೂಗ್ತಾಳೆ. ಮಲಗೋದು ಕೆಳಗೆ ನಿನ್ನ ಪಕ್ಕಾನೇ. ನಾನು ಮನೆಗೆ ಬರೋ ಹೊತ್ತಿಗೆ ಅವಳ ಹೋಂವರ್ಕ್ ಆಗಿರುತ್ತೆ, ಊಟ ಆಗಿರುತ್ತೆ, ಜಡೆ ಬಿಚ್ಚಿ ಬಾಚಿಯೂ ಆಗಿರುತ್ತೆ. ನನಗೇನು ಉಳಿದಿರುತ್ತೆ ಹೇಳು?”

ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಂಡೆ.

“ಅವಳನ್ನ ಎಳ್ಕೊಂಡು ಆ ಮನೆಗೆ ಹೋದ್ರೆ ದಿನಾ ದೊಡ್ಡಮ್ಮ ಬೇಕು ಅಂತ ಅಳ್ತಾಳೆ. ನನ್ನ ಎದುರಿಗೇ ಕೂತು ಅಳ್ತಾಳೆ. ಅದು ನನ್ನ ಕೈಲಿ ಆಗಲ್ಲ ಅಕ್ಕ.”

ಸ್ಕೂಟರನ್ನು ಅಲ್ಲೇ ನಿಲ್ಲಿಸಿ ಕೂಗಾಡಬೇಕೆನ್ನಿಸಿತು. ನೀನು ಗಂಡನ ಫೋಟೋ ಹಿಡಿದುಕೊಂಡು ಮೂಲೆಯಲ್ಲಿ ಬಿದ್ದಿದ್ದಾಗ ಅದರ ಬಾಯಿಗೆ ಅನ್ನ ಹಾಕಿದವರು ಯಾರು, ಅದರ ಕೆಮ್ಮಿಗೆ ಇಡೀ ರಾತ್ರಿ ಕೂತವರು ಯಾರು, ಈಗ ನನ್ನನ್ನು ಕಳ್ಳಿ ಅಂತೀಯಾ, ಅಂತ ಕೇಳಬೇಕೆನ್ನಿಸಿತು. ಹಿಂದಿನಿಂದ ಆಟೋದವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಅವನಿಗೆ ಬೈದೆ, ಬಾಯಿಗೆ ಬಂದ ಹಾಗೆ ಬೈದೆ.

“ಆಂಟಿ, ಗ್ರೀನ್ ಬಿದ್ದು ಎಷ್ಟೊತ್ತಾಯ್ತು, ನೋಡ್ಕೊಳ್ಳಿ” ಅಂದ ಅವನು.

ಮನೆ ತಲುಪುವವರೆಗೂ ನನ್ನ ಮನಸ್ಸಿನಲ್ಲಿ ಒಂದೊಂದೇ ಮಾತು ಜೋಡಿಸಿಕೊಂಡೆ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಇವಳನ್ನು ಎದುರಿಗೆ ಕೂರಿಸಿಕೊಂಡು ಒಂದೂ ಬಿಡದೆ ಹೇಳಬೇಕು ಅಂದುಕೊಂಡೆ. ಗೇಟಿನ ಮುಂದೆ ಸ್ಕೂಟರು ನಿಲ್ಲಿಸಿದೆ. ಯಾವಾಗಲೂ ಮಾಡುವ ಹಾಗೆ ತಂಗಿ ಮೊದಲು ಇಳಿದು ಗೇಟು ತೆಗೆಯಲು ಹೋದಳು. ವರಾಂಡದಲ್ಲಿ ನಮ್ಮ ಯಜಮಾನರು ಮಗುವಿನ ಜೊತೆ ಕೇರಂ ಆಡುತ್ತಿದ್ದರು. ಸ್ಕೂಟರಿನ ಸದ್ದಿಗೆ ಮಗು ಎದ್ದು ಓಡಿ ಬಂತು.

ಗೇಟು ಅರ್ಧ ತೆರೆದಿತ್ತು. ಅದರ ಸರಳು ಹಿಡಿದು ತಂಗಿ ಬಾಗಿದ್ದಳು, ಒಂದು ಕೈ ಮಗುವಿನ ಕಡೆ ಚಾಚಿಯೂ ಇತ್ತು. ಮಗು ಆ ಕೈಯ ಕೆಳಗೆ ತಲೆ ತಗ್ಗಿಸಿ ತೂರಿಕೊಂಡು ರಸ್ತೆಗೆ ಬಂದು, ಸ್ಕೂಟರಿನ ಮೇಲೆ ಕೂತಿದ್ದ ನನ್ನ ಸೊಂಟವನ್ನು ತಬ್ಬಿಕೊಂಡಿತು.

“ಎಷ್ಟೊತ್ತು ದೊಡ್ಡಮ್ಮ” ಅಂತ ನನ್ನ ಸೀರೆಗೆ ಮುಖ ಒತ್ತಿಕೊಂಡಿತು.

ನಾನು ತಂಗಿಯ ಮುಖ ನೋಡಿದೆ. ನೋಡಿದೆಯಾ ಅಂತ ಅವಳು ಒಂದೇ ಒಂದು ಮಾತು ಅಂದಿದ್ದರೆ ಅಲ್ಲೇ ರಸ್ತೆಯಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಅವಳು ಅನ್ನಲಿಲ್ಲ. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ನಮ್ಮಿಬ್ಬರಿಗೂ ಗಾಡಿಗೂ ದಾರಿಯಾಗಲಿ ಅಂತ ಗೇಟನ್ನು ಪೂರ್ತಿ ತೆಗೆದು ಪಕ್ಕಕ್ಕೆ ಸರಿದು ನಿಂತಳು.